ವಿಲ್ ಬರೆಯದೆ ಹೋದ ಅಪ್ಪನ ಮನೆ: ಖಾತೆ ಅಣ್ಣನ ಹೆಸರಿಗಾದರೆ ನಮ್ಮ ಪಾಲು ಹೋಗುತ್ತದೆಯೇ?

ನೀವು ಬರೆದಿರುವುದು: ದಾವಣಗೆರೆಯ 30×40 ಸೈಟನ್ನು ಅಪ್ಪ ಸ್ವಂತ ಸಂಬಳದಲ್ಲಿ ಕೊಂಡು ಮನೆ ಕಟ್ಟಿಸಿದರು, ವಿಲ್ ಬರೆಯದೆ ತೀರಿಕೊಂಡರು. ಈಗ ಇರುವವರು ಅಮ್ಮ, ಅಣ್ಣ, ಮಗಳಾದ ನೀವು, ತಂಗಿ. 'ಖಾತೆ ಬದಲಾವಣೆಗಷ್ಟೇ, ಒಂದು ಸಹಿ ಹಾಕಿ' ಎಂದು ಅಣ್ಣ ಕೇಳುತ್ತಿದ್ದಾರೆ.

ಆ ಕಾಗದದ ತಲೆಬರಹ ಓದದೆ ಸಹಿ ಹಾಕಬೇಡಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ ಬೇಕು. ಖಾತೆಯನ್ನು ನಾಲ್ವರ ಹೆಸರಿಗೂ ಜಂಟಿಯಾಗಿ ಮಾಡಿಸಬಹುದು. ಕಾಗದದಲ್ಲಿ 'ಹಕ್ಕು ಖುಲಾಸೆ ಪತ್ರ' ಎಂದಿದ್ದು, ನೀವು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು, ಫೋಟೊ ಕೊಟ್ಟರೆ, ಬಿಟ್ಟುಕೊಡುತ್ತಿರುವುದು ಮನೆಯ ಪಾಲನ್ನೇ. ಆಮೇಲೆ 'ಮೋಸದಿಂದ ಸಹಿ ಮಾಡಿಸಿಕೊಂಡರು' ಎಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಅದು ಬಹಳ ಕಷ್ಟ. ನೋಟರಿ ಮಾಡಿಸಿದ ಬರಿಯ ಸ್ಟಾಂಪ್ ಪೇಪರಿಗೆ ಪಾಲು ದಾಟಿಸುವ ಶಕ್ತಿಯಿಲ್ಲ, ಆದರೂ ಕೋರ್ಟಿನಲ್ಲಿ ಅದನ್ನೇ ಹಿಡಿದು ವರ್ಷಗಟ್ಟಲೆ ವಾದ ನಡೆಯುತ್ತದೆ.

ಖಾತೆ ಎಂಬುದು ತೆರಿಗೆಯ ದಾಖಲೆ, ಮಾಲೀಕತ್ವದ ಪತ್ರವಲ್ಲ. ಅಣ್ಣನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ನಿಮ್ಮ ಪಾಲು ಹೋಗುವುದಿಲ್ಲ. ಆದರೆ ಆ ಖಾತೆ ತೋರಿಸಿ ಸಾಲ ಎತ್ತಲು, ಮಾರಲು ದಾರಿಯಾಗುತ್ತದೆ. ಆದ್ದರಿಂದ ಪಾಲಿಕೆಗೆ ಈಗಲೇ ಲಿಖಿತ ತಕರಾರು ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ತಕರಾರಿಗೆ ಬೆಲೆಯಿಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಪ್ಪ ಸೈಟು ಕೊಂಡ ವರ್ಷದಿಂದ ಇಂದಿನವರೆಗಿನ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ನಿಮಗೆ ತಿಳಿಯದ ನೋಂದಾಯಿತ ದಾನಪತ್ರ ಇದ್ದರೆ ಅಲ್ಲೇ ಕಾಣುತ್ತದೆ. ವಿಲ್‌ಗೆ ನೋಂದಣಿ ಕಡ್ಡಾಯವಿಲ್ಲ, ಹಾಗಾಗಿ ಇ.ಸಿ. ಖಾಲಿ ಇದ್ದ ಮಾತ್ರಕ್ಕೆ ವಿಲ್ ಇಲ್ಲವೆಂದುಕೊಳ್ಳಬೇಡಿ. ನಾಳೆ ಯಾರಾದರೂ ವಿಲ್ ತಂದರೆ ಅದರಲ್ಲಿ ಇಬ್ಬರು ಸಾಕ್ಷಿಗಳ ಸಹಿ ಇದೆಯೇ ಎಂದು ಮೊದಲು ನೋಡಿ.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 8ನೇ ಕಲಮಿನಂತೆ ಸ್ವಯಾರ್ಜಿತ ಮನೆಯಲ್ಲಿ ನಾಲ್ವರಿಗೂ ತಲಾ ಕಾಲು ಭಾಗ. ಅಪ್ಪನ ತಾಯಿ ಬದುಕಿದ್ದರೆ ಅವರೂ ಸೇರಿ ಐದು ಪಾಲು. ಮದುವೆಯಾದದ್ದು, ವರದಕ್ಷಿಣೆ ಅಥವಾ ಒಡವೆ ಕೊಟ್ಟದ್ದು ಇದನ್ನು ತಗ್ಗಿಸುವುದಿಲ್ಲ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎಂದು ಎಲ್ಲರೂ ಹೇಳುವುದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಪಾಲಿಗೆ ಸಂಬಂಧಿಸಿದ್ದು. ನಿಮ್ಮ ಹಕ್ಕಿಗೆ ಅದರ ಆಸರೆಯೇ ಬೇಕಿಲ್ಲ. ಆ ತಿದ್ದುಪಡಿಯಿಂದ ನಿಮಗಾದ ನಿಜವಾದ ಲಾಭ ಬೇರೆ: ಕುಟುಂಬ ವಾಸವಿರುವ ಮನೆಯ ವಿಭಾಗವನ್ನು ಹೆಣ್ಣುಮಕ್ಕಳು ಕೇಳುವಂತಿಲ್ಲ ಎಂದಿದ್ದ 23ನೇ ಕಲಮು ರದ್ದಾಯಿತು.

ಒಪ್ಪಂದವಾಗುವಂತಿದ್ದರೆ ಅದೇ ಒಳ್ಳೆಯದು. 1,200 ಚದರಡಿಯನ್ನು ನಾಲ್ಕು ಮಾಡಿದರೆ ಯಾರಿಗೂ ಮನೆ ಉಳಿಯದು. ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ. ಮನೆ ಉಳಿಸಿಕೊಳ್ಳುವವರು ಉಳಿದವರಿಗೆ ಹಣ ಕೊಡಲಿ. ಹಕ್ಕು ಖುಲಾಸೆ ಪತ್ರವನ್ನು ಹಣ ಬ್ಯಾಂಕಿಗೆ ಬಂದ ದಿನವೇ ನೋಂದಾಯಿಸಿ, ಮೊತ್ತವನ್ನೂ ಪಾವತಿ ವಿವರವನ್ನೂ ಅದರಲ್ಲೇ ಬರೆಸಿ. ಪಾಲು ಯಾರ ಪರ ಬಿಡುತ್ತಿದ್ದೀರಿ ಎಂದು ಹೆಸರು ಹಾಕದಿದ್ದರೆ ಮುಂದೆ ಅದೇ ಹೊಸ ಜಗಳ. ಅಮ್ಮ ತಮ್ಮ ಕಾಲು ಭಾಗವನ್ನು ಅಣ್ಣನಿಗೆ ದಾನ ಕೊಡುವುದಾದರೆ ಅದು ಅವರ ಹಕ್ಕು, ತಡೆಯಬೇಡಿ. ಆದರೆ 'ಕೊನೆಯವರೆಗೆ ನೋಡಿಕೊಳ್ಳಬೇಕು' ಎಂಬ ಷರತ್ತು ದಾನಪತ್ರದಲ್ಲೇ ಇರಲಿ. ಹಿರಿಯ ನಾಗರಿಕರ ಕಾಯ್ದೆ 2007ರ 23ನೇ ಕಲಮಿನಡಿ, ಅಣ್ಣ ನೋಡಿಕೊಳ್ಳದಿದ್ದರೆ, ಆ ದಾನ ರದ್ದು ಮಾಡಿಸಲು ಅಮ್ಮನ ಕೈಯಲ್ಲಿರುವ ಆಧಾರ ಅದು.

ಮಾತು ಮುರಿದರೆ ವಕೀಲರ ಮೂಲಕ ನೋಟಿಸ್, ನಂತರ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ. ಎಲ್ಲ ಪಾಲುದಾರರನ್ನೂ ಎಲ್ಲ ಆಸ್ತಿಯನ್ನೂ ದಾವೆಯಲ್ಲಿ ಸೇರಿಸಿ. ಒಂದು ಬಿಟ್ಟರೂ 'ಅಪೂರ್ಣ ವಿಭಾಗ' ಎಂಬ ಆಕ್ಷೇಪ ಬರುತ್ತದೆ. ಮನೆ ಮಾರದಂತೆ ತಡೆಯಾಜ್ಞೆಯನ್ನು ದಾವೆಯ ಜೊತೆಗೇ ಕೇಳಿ. ಪ್ರಾಥಮಿಕ ಡಿಕ್ರಿ (ಕೋರ್ಟಿನ ಮೊದಲ ಹಂತದ ತೀರ್ಪು) ಪಾಲಿನ ಪ್ರಮಾಣವನ್ನಷ್ಟೇ ಹೇಳುತ್ತದೆ. ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳೆದ ಮೇಲೆ ಅಂತಿಮ ಡಿಕ್ರಿ. ಮನೆ ಹಂಚಲಾಗದಿದ್ದರೆ, ಅರ್ಧ ಅಥವಾ ಹೆಚ್ಚು ಪಾಲಿನವರು ಮಾರಾಟ ಕೋರಬಹುದು, ಉಳಿದವರು ಕೋರ್ಟು ಕಟ್ಟಿದ ಬೆಲೆಗೆ ಕೊಳ್ಳಲು ಕೇಳಬಹುದು (1893ರ ವಿಭಾಗ ಕಾಯ್ದೆ). ನೀವೂ ತಂಗಿಯೂ ಸೇರಿದರೆ ಸರಿಯಾಗಿ ಅರ್ಧವಾಗುತ್ತದೆ, ಹಾಗಾಗಿ ತಂಗಿ ಒಬ್ಬಳೇ ಏನಾದರೂ ಸಹಿ ಹಾಕುವ ಮೊದಲು ಇವತ್ತೇ ಅವಳ ಜೊತೆ ಮಾತಾಡಿ.