ನಾನಿರೋದು ಗೋವಾದ ವಾಸ್ಕೋದಲ್ಲಿ. ಇಲ್ಲಿ ಗಾಳ ಹಾಕೋದಕ್ಕೆ ನನ್ನ 6 ಅಡಿ ಫೈಬರ್ ರಾಡ್ ಸಾಕಾ, ಹೊಸದು ತಗೋಬೇಕಾ?

ವಾಸ್ಕೋದಲ್ಲಿದ್ದೀರಿ ಅಂದಿರಿ. ಎಲ್ಲಿ ನಿಂತು ಎಸೆಯುತ್ತೀರಿ ಅನ್ನೋದೇ ಮುಖ್ಯ. ಜುವಾರಿ ನದಿ ದಡದಲ್ಲಿ ಚೊಣಕ್ ಮೀನು (ಸೀಬಾಸ್) ಹಿಡಿಯೋದಾದರೆ 6-8 ಅಡಿ ಸಾಕು, ಬೀಚಿನ ಮರಳಲ್ಲಿ ನಿಂತು ಅಲೆ ದಾಟಿಸಿ ಎಸೆಯೋದಾದರೆ 10 ಅಡಿ ಬೇಕು.

ಅಂಗಡಿಯಲ್ಲಿ ಬಣ್ಣ ನೋಡಬೇಡಿ. ಹಿಡಿಯ ಸ್ವಲ್ಪ ಮೇಲೆ 10-30 ಗ್ರಾಂ ಅಂತ ಏನೋ ಸಣ್ಣಗೆ ಬರೆದಿರುತ್ತದೆ, ಆ ರಾಡಿನಿಂದ ಎಷ್ಟು ತೂಕ ಎಸೆಯಬಹುದು ಅನ್ನೋದು ಅದು. ನಾನು ಅದನ್ನು ಓದದೆ 60 ಗ್ರಾಂ ಸೀಸ ಕಟ್ಟಿ ಜೋರಾಗಿ ಬೀಸಿದೆ, ತುದಿ ಟಪ್ ಅಂತ ಮುರಿದು ಸೀಸದ ಜೊತೆಗೇ ಹೋಯಿತು.

ಕಾರ್ಬನ್ ರಾಡ್ ಹಗುರ, ಮೀನು ಮುಟ್ಟಿದ್ದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಬಂಡೆಗೆ ಬಡಿದರೆ ಬಿರುಕು ಬಿಡುತ್ತದೆ, ಕರೆಂಟೂ ಹರಿಯುತ್ತದೆ, ಹಾಗಾಗಿ ಗುಡುಗು ಶುರುವಾದರೆ ಮಡಚಿಡಿ. ಫೈಬರ್ ಭಾರ, ಒರಟಾಟ ತಡೆಯುತ್ತದೆ. ಕಲಿಯುವವರಿಗೆ ಅದೇ ವಾಸಿ ಅಲ್ವಾ?

ಸುಮ್ನೆ ದುಡ್ಡು ಹಾಕುವ ಮೊದಲು ಹಳೇ ರಾಡಿನಲ್ಲಿ ದಾರ ಹಾದುಹೋಗುವ ರಿಂಗ್‌ಗಳ ಒಳಗೆ ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ರಿಂಗ್ ಒಡೆದಿದೆ, ದಾರ ಕತ್ತರಿಸೋದು ಅದೇ. ಆ ರಿಂಗ್ ಒಂದನ್ನೇ ಬದಲಿಸಿದರೂ ನಡೆಯುತ್ತದೆ.