ಪವರ್ ಚಿಪ್ಪಿನ ಐಡಿ ತೋರಿಸುವ ಲಿನಕ್ಸ್ ಕರ್ನಲ್ ಪ್ಯಾಚ್ (ಕೋಡ್ ತಿದ್ದುಪಡಿ) ಬಂದಿದೆ, ರಾಯಚೂರಿನ ನಮ್ಮ ಸರ್ವರಿಗೆ ಹಾಕುವ ಮುಂಚೆ ಏನೇನು ನೋಡಬೇಕು?

ಮೊದಲು ಐಡಿ ತೋರಿಸುವ ಫೈಲ್ ಎಲ್ಲಿ ಕೂತಿದೆ ನೋಡಿ. ತಯಾರಕರ ಐಡಿ, ಮಾಡೆಲ್, ರಿವಿಷನ್ ಬರೀ ಡಿಬಗ್ಗಿಂಗ್‌ಗೆ ಬೇಕಿದ್ದರೆ ಡಿಬಗ್‌ಎಫ್‌ಎಸ್‌ನಲ್ಲೇ (ದೋಷ ಹುಡುಕಲು ಕರ್ನಲ್ ಫೈಲ್ ತೋರಿಸುವ ಜಾಗ) ಇರಲಿ. ಸಿಸ್‌ಎಫ್‌ಎಸ್‌ಗೆ (ಎಲ್ಲ ಪ್ರೋಗ್ರಾಂಗಳೂ ನೆಚ್ಚಿಕೊಳ್ಳುವ ಕರ್ನಲ್ ಫೈಲ್‌ಗಳ ಜಾಗ) ಒಮ್ಮೆ ಹಾಕಿದರೆ ಮುಗಿಯಿತು. ಅದನ್ನು ನಂಬಿ ಯಾರೋ ಸ್ಕ್ರಿಪ್ಟ್ ಬರೆದಿರುತ್ತಾರೆ, ಮತ್ತೆ ತೆಗೆಯುವುದು ಕಷ್ಟ.

ಆಮೇಲೆ ಬಫರ್, ಅಂದರೆ ಓದಿದ ಐಡಿ ಇಟ್ಟುಕೊಳ್ಳುವ ಮೆಮೊರಿ ಜಾಗ. ಇದನ್ನು ಬೆರಳಿಟ್ಟು ಲೆಕ್ಕ ಹಾಕಿ. ಎಸ್‌ಎಂಬಸ್ (ಚಿಪ್ಪಿನ ಜೊತೆ ಮಾತಾಡುವ ತಂತಿ ಸಂಪರ್ಕ) ಬ್ಲಾಕ್ ರೀಡ್‌ನಲ್ಲಿ, ಅಂದರೆ ಒಂದೇ ಸಲ ಹಲವು ಬೈಟ್ ಓದುವಾಗ, ಲಿನಕ್ಸ್ 32 ಬೈಟ್‌ವರೆಗೆ ಕೊಡುತ್ತದೆ. ಕೊನೆಗೆ ಹೊಸ ಸಾಲು, ಸೊನ್ನೆ ಬೈಟ್ ಸೇರಿಸಿದರೆ 34 ಬೇಕು, ಅಲ್ವಾ? 32 ಅಂತ ಬರೆದಿದ್ದರೆ ಪ್ಯಾಚ್ ವಾಪಸ್ ಕಳಿಸಿ.

ಎಲ್ಲ ಚಿಪ್ಪಿನಲ್ಲೂ ಐಡಿ ಇಡುವ ರಿಜಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಇರುವುದಿಲ್ಲ. ಐಡಿ ಸಿಗಲಿಲ್ಲ ಅಂತ ಡ್ರೈವರ್ ಲೋಡ್ ಆಗುವುದೇ ನಿಲ್ಲಬಾರದು. ಡ್ರೈವರ್ ನಿಂತರೆ ಚಿಪ್ಪಿನ ತಾಪಮಾನವೂ ಕಾಣುವುದಿಲ್ಲ; ರಾಯಚೂರಿನ ಮೇ ಬಿಸಿಲಲ್ಲಿ ಅದು ಕಾಣುವುದೇ ಮುಖ್ಯ.

ಸೀರಿಯಲ್ ನಂಬರ್ ಇದ್ದರೆ ಅನುಮತಿ 0400 ಇರಲಿ, ರೂಟ್ (ಸರ್ವರಿನ ಮುಖ್ಯ ನಿರ್ವಾಹಕ ಖಾತೆ) ಮಾತ್ರ ಓದಲಿ.