ಮೇಷ್ಟ್ರನ್ನು ಕೇಳಿ

ಪ್ರಶ್ನೆ: ಅಮೆರಿಕದ ಸಂವಿಧಾನ ಬೈಬಲ್‌ನಿಂದಲೇ ಬಂದಿದ್ದು ಅಂತಾರೆ. ನಿಜವಾ ಮೇಷ್ಟ್ರೇ?
– ಓದುಗ, ಸಕಲೇಶಪುರ

ಉತ್ತರ: ಪೂರ್ತಿ ಹಾಗಲ್ಲಪ್ಪ. ಹಕ್ಕು ಕೊಟ್ಟವನು ಸೃಷ್ಟಿಕರ್ತ ಎಂದು 1776ರ ಸ್ವಾತಂತ್ರ್ಯ ಘೋಷಣೆ ಹೇಳುತ್ತದೆ. ಆದರೆ 1787ರ ಸಂವಿಧಾನದಲ್ಲಿ, ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂದೇ ಇದೆ. ನನಗೆ ಜಾಸ್ತಿ ಇಷ್ಟವಾದ ಮಾತು ಅದು. ಹೋದ ಮಳೆಗಾಲ ಶೆಟ್ಟಿಹಳ್ಳಿಗೆ ಹೋಗಿದ್ದೆ. ಹೇಮಾವತಿ ನೀರು ಹಳೇ ಚರ್ಚಿನ ಗೋಡೆ ಅರ್ಧ ಮುಳುಗಿಸಿತ್ತು. ದಡದಲ್ಲಿ ಹಣೆ ತುಂಬ ಕುಂಕುಮ ಇಟ್ಟ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದರು. ನೀವು ಯಾರು ಅಂತ ಯಾರೂ ಕೇಳಲಿಲ್ಲ.

ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎಂದು ಆ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ 1788ರಲ್ಲಿ ಬರೆದರು. ಮನುಷ್ಯ ಪಾಪಕ್ಕೆ ಜಾರುವವನು ಅನ್ನುವ ಕ್ರೈಸ್ತ ಬೋಧನೆಗೆ ಇದು ತುಂಬ ಹತ್ತಿರ. ಅಧಿಕಾರವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮೂರು ಕಡೆ ಹಂಚಿದ್ದೂ ಅದೇ ಭಯದಿಂದ. ಅಷ್ಟು ತಿಳಿದವರು ಗುಲಾಮಗಿರಿಯನ್ನು ಮಾತ್ರ ಹಾಗೇ ಬಿಟ್ಟರು. ಅದು 1865ರವರೆಗೂ ಉಳಿಯಿತು.